ಬಿಸಿಲಿಗೆ ಹಿಡಿದ ನೋಟು

ಎತ್ತಿದ್ದು ನನ್ನ ಕೈ.
ನನಗೆ ಗೊತ್ತಾದದ್ದು ಆಮೇಲೆ.

ಮಾನಸಗಂಗೋತ್ರಿ ಗಾಡಿ, ಬೆಳಿಗ್ಗೆ ಎಂಟೂಮುಕ್ಕಾಲು.
ಮೆಟ್ರೊಪೋಲ್ ದಾಟಿದ್ದೆವು. ಕಾಲಿಡಲು ಜಾಗವಿಲ್ಲ.
ಹೆಂಗಸರಿಗೆಲ್ಲ ಸೊನ್ನೆ ರೂಪಾಯಿ ಟಿಕೆಟ್ಟು,
ಆ ಹುಡುಗಿಗೆ ಮಾತ್ರ ದುಡ್ಡು: ಆಧಾರ್ ಇಲ್ಲ, ಟಾಂಜಾನಿಯಾದವಳು.
ಇನ್ನೂರರ ನೋಟು ಕೊಟ್ಟಳು, ಮಡಿಕೆ ಬಿಡಿಸಿ,
ಬಲಗೈಯ ಮೊಣಕೈಗೆ ಎಡಗೈ ಆನಿಸಿ,
ಹಿರಿಯರಿಗೆ ತಾಂಬೂಲ ಕೊಡುವಂತೆ.
ನಾನದನ್ನು ಕಿಟಕಿಯ ಬಿಸಿಲಿಗೆ ಹಿಡಿದೆ.

ನೋಟಿನ ಜೊತೆ ಅವಳೂ ತಲೆಯೆತ್ತಿದಳು,
ಇಬ್ಬರೂ ಸೇರಿ ಹುಣ್ಣಿಮೆಗೆ ಮುಂಚಿನ ಚಂದ್ರನನ್ನು
ಹುಡುಕುವವರಂತೆ.
'ಸರಿ ಇದೆಯಾ, ಅಕ್ಕಾ?'
ಕನ್ನಡದಲ್ಲಿ. ಅಕ್ಕಾ ಅನ್ನುವುದನ್ನು
ನಮ್ಮ ನರಸೀಪುರದ ಕಡೆಯವರಂತೆ ಎಳೆದು.

ಸರಿಯಿತ್ತು. ನಮ್ಮೂರಿನ ಫ್ಯಾಕ್ಟರಿಯಲ್ಲೇ ಅಚ್ಚಾದದ್ದೋ ಏನೋ.

ಹದಿನಾಲ್ಕು ವರ್ಷ ಈ ಚೀಲ ಹೊತ್ತಿದ್ದೇನೆ.
ಖೋಟಾ ನೋಟು ಸಿಕ್ಕಿದ್ದು ಮೂರು ಸಲ.
ಕೊಟ್ಟವರ ಮುಖ ಒಂದೂ ನೆನಪಿಲ್ಲ,
ಅಂದರೆ ನಮ್ಮಂಥವೇ ಮುಖಗಳು.

ಹಿಂದಿನ ವಾರ ಗೋಕುಲಂ ರೂಟಿನಲ್ಲಿ
ಯೋಗದ ಚಾಪೆ ಹೊತ್ತ ಬಿಳಿಯ,
ಹನ್ನೆರಡು ರೂಪಾಯಿ ಟಿಕೆಟ್ಟಿಗೆ ಐನೂರು ಚಾಚಿದ.
ಬೇರೆಯವನಾಗಿದ್ದರೆ ಇಳಿ ಅನ್ನುತ್ತಿದ್ದೆ.
ಡ್ರೈವರ್ ಚಿಕ್ಕಲಿಂಗಯ್ಯನ ಜೇಬಿಗೂ ಕೈ ಹಾಕಿಸಿ
ಚಿಲ್ಲರೆ ಹೊಂದಿಸಿದೆ. ಥ್ಯಾಂಕ್ಯೂ ಸರ್ ಅಂತ
ನಾನೇ ಅಂದೆ.

ರಾತ್ರಿ ಮುದ್ದೆ ತಿರುವುತ್ತ ಸಬೂಬು ತಿರುವಿದೆ:
ಇಲಾಖೆಯ ನಿಯಮ. ಕಾಲ ಸರಿಯಿಲ್ಲ.
ಬಿಸಿಲು ಚೆನ್ನಾಗಿತ್ತು.

ಅವ್ವ ನನಗೆ ಹಾಲಿನ ಕೆನೆ, ಕಡಲೆಹಿಟ್ಟು ತಿಕ್ಕುತ್ತಿದ್ದಳು,
ಪಾತ್ರೆಯ ತಳದ ಮಸಿ ಉಜ್ಜುವ ರಟ್ಟೆಯಲ್ಲೇ.
ನೋಡಲು ಬಂದ ಸೋಸಲೆಯವರು
ಉಪ್ಪಿಟ್ಟು ತಿಂದು ಕೈ ತೊಳೆದು ಅಂದರು:
ರಾಜಮಣಿ ಲಕ್ಷಣವಾಗಿದ್ದಾಳೆ, ಆದರೆ ಸ್ವಲ್ಪ...
ಆ 'ಸ್ವಲ್ಪ'ದ ಮುಂದಿನ ಮಾತು ಇವತ್ತಿಗೂ ಅವರ ಬಾಯಲ್ಲೇ ಇದೆ.

ಇದನ್ನು ಯಾಕೆ ಹೇಳಿದೆ? ಬಿಡಿ.
ಪೆಟ್ಟು ತಿಂದ ಕೈ ಪೆಟ್ಟು ಕೊಡುವುದಿಲ್ಲ
ಅಂತ ನಂಬಿಕೊಂಡಿದ್ದೆ, ಅಷ್ಟೆ.

ಮಾರನೇ ದಿನ ಹಟಕ್ಕೆ ಬಿದ್ದು
ಪ್ರತಿ ನೋಟನ್ನೂ ಬಿಸಿಲಿಗೆ ಹಿಡಿದೆ. ಹತ್ತರದ್ದನ್ನೂ.
'ಬಸ್ಸು ಗಂಗೋತ್ರಿಗೋ, ನೋಟು ಫ್ಯಾಕ್ಟರಿಗೋ?'
ಚಿಕ್ಕಲಿಂಗಯ್ಯ ಕನ್ನಡಿಯಲ್ಲಿ ನಕ್ಕ.
ಬಲ್ಲಾಳ್ ಸರ್ಕಲ್ಲಿನಲ್ಲಿ ಹತ್ತುವ ಬ್ಯಾಂಕಿನವರು,
ಎಂಟು ವರ್ಷದ ಪರಿಚಯ, ಕೆಂಪಾದರು:
'ನಾನೇನು ಕಳ್ಳನೇನ್ರೀ?'
ಅವರ ಸಿಟ್ಟನ್ನು ಕಣ್ತುಂಬ ನೋಡಿದೆ.
ಅಷ್ಟು ಸಲೀಸಾಗಿ ಸಿಟ್ಟಾಗುವುದಕ್ಕೂ
ಒಂದು ಪಾಸು ಬೇಕು.

ಮೂರು ಗಂಟೆಗೆ ತೋಳು ಸೋತು ಬಿಟ್ಟುಬಿಟ್ಟೆ.
ಐದಕ್ಕೆ ಸಲೂನಿನ ಮಣಿಪುರದ ಹುಡುಗ ನೂರು ಕೊಟ್ಟ,
ಸೋತ ತೋಳು ತಾನಾಗಿ ಏಳುತ್ತಿತ್ತು.
ಅರ್ಧದಲ್ಲಿ ಹಿಡಿದು ಚೀಲಕ್ಕೆ ತುರುಕಿದೆ
ಕೈಯನ್ನೂ, ನೋಟನ್ನೂ.

ಗುರುವಾರ ಮತ್ತೆ ಅವಳು. ಪುಸ್ತಕ ಎದೆಗವಚಿ ನಿಂತಿದ್ದಳು.
ಹೇಳಬೇಕಾದ್ದನ್ನು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ:
ಅವತ್ತು ನಾನು ನೋಡಿದ್ದು ನೋಟನ್ನಲ್ಲ, ತಂಗಿ.
ಹತ್ತಿರ ಹೋಗುವಷ್ಟರಲ್ಲಿ
ಅವಳೇ ಅಂಗೈ ಬಿಚ್ಚಿದಳು.
ನಾಣ್ಯಗಳು. ಸರಿಯಾಗಿ ಎಣಿಸಿ ತಂದವು.
ನಾಣ್ಯವನ್ನು ಯಾರೂ ಬಿಸಿಲಿಗೆ ಹಿಡಿಯುವುದಿಲ್ಲ.

ಹಿಂದಿನಿಂದ ಯಾರೋ ನೂಕಿದರು, ಸ್ಟಾಪು ಬಂತು, ಸೀಟಿ ಊದಿದೆ.
ನಾಣ್ಯಗಳು ಬಿಸಿಯಿದ್ದವು.
ಎಷ್ಟು ಹೊತ್ತಿನಿಂದ ಮುಷ್ಟಿಯಲ್ಲಿಟ್ಟುಕೊಂಡಿದ್ದಳೋ.