ಸಂಗಡ ಒಂದು

ಮೊದಲು ಠಾಣೆ. ಅಲ್ಲಿಂದ ಕೋರ್ಟು.
ಕೋರ್ಟಿನಿಂದ ಜೈಲು, ಜೈಲಿನಿಂದ ಮತ್ತೆ
ಕಚೇರಿಯ ಹಿಂಬದಿಯ ರೆಕಾರ್ಡು ಕೋಣೆ.
ಕಾರವಾರದಲ್ಲಿ ಎಲ್ಲಿಂದ ಎಲ್ಲಿಗೆ ನಡೆದರೂ
ಕಡಲು ಪಕ್ಕದಲ್ಲೇ ಇರುತ್ತದೆ,
ತನ್ನ ಹೆಸರು ಕೂಗುವುದನ್ನೇ ಕಾಯುತ್ತ
ವರಾಂಡದಲ್ಲಿ ಕೂತ ಸಾಕ್ಷಿಯ ಹಾಗೆ.

‘ಇಸವಿ ಹೇಳ್ರಿ ಬಾಯಾರ’ ಎಂದರು ನದಾಫರು,
ಧಾರವಾಡ ಕಡೆಯವರು, ಈ ಊರಿನ ಬೆವರಿಗೆ
ಇನ್ನೂ ಒಗ್ಗದೆ ಕೊರಳಿಗೆ ಟವೆಲು ಸುತ್ತಿಕೊಂಡವರು.
ಇಸವಿ ಗೊತ್ತಿಲ್ಲ. ನಮ್ಮಲ್ಲಿ ಹೇಳುವುದು ಹೀಗೆ:
ತಾಂಡೇಲರ ದೋಣಿ ದೇವಗಡದ ಹತ್ತಿರ ಮಗುಚಿದ ವರ್ಷ,
ಬಂಗಡೆ ಬಾರದೆ ಬಲೆಗಳು ಅಟ್ಟ ಹತ್ತಿದ ವರ್ಷ.
‘ಬಂಗಡಿದು ಫೈಲು ಇಲ್ರಿ ನಮ್ಮಲ್ಲೆ’
ನಕ್ಕರು. ಆದರೂ ಏಣಿ ಹಾಕಿದರು.

ಆಯಿ ಸಾಯುವ ಮುಂಚಿನ ಎಂಟು ತಿಂಗಳು
ದೀಪ ಹಚ್ಚುವ ಹೊತ್ತಿಗೆ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು:
‘ಎಣಿಸಿ ಆಯ್ತಾ? ಬೀಗ ಹಾಕ್ತೀರಾ?’
ಜೀವಮಾನವಿಡೀ ಕೊಂಕಣಿಯಲ್ಲೇ ಮೀನು ಮಾರಿದವಳು,
ಜಗಳಾಡಿದವಳು, ಅತ್ತವಳು.
ಆ ಎರಡು ವಾಕ್ಯ ಮಾತ್ರ ಕನ್ನಡ.
ಮೂವತ್ತೆರಡು ವರ್ಷ ಮಾಜಾಳಿಯ ಶಾಲೆಯಲ್ಲಿ
ಕನ್ನಡ ಕಲಿಸಿದ ನಾನು
ನನ್ನ ತಾಯಿಗೆ ಅದನ್ನು ಕಲಿಸಿದವರು ಯಾರೆಂದು
ಹುಡುಕಿಕೊಂಡು ಬಂದಿದ್ದೆ.

ಶೆವಂತಿ ಎಂಬ ಹೆಸರಿನಲ್ಲಿ ಯಾರೂ ಇರಲಿಲ್ಲ.
ಸೇವಂತಿ ಇದ್ದಳು, ಹೊನ್ನಾವರದವಳು, ಕೋಳಿ ಕಳವು.
ಶಾಂತಿ ಇದ್ದಳು, ಆಕೆಗೆ ಆಗಲೇ ಅರವತ್ತು.
ಗೆದ್ದಲು ತಿಂದು ಬಿಟ್ಟ ಇಡೀ ಒಂದು ಜುಲೈ ಇತ್ತು.
ನಾಲ್ಕನೆಯ ದಿನ ನದಾಫರ ಬೆರಳು
‘ಸಾವಂತ’ ಎಂಬಲ್ಲಿ ನಿಂತಿತು.
‘ಗಂಡಸಿನ ಹೆಸರು, ಬಳೆ ಜಪ್ತಿ... ನೋಡ್ರಿ ಇದನ್ನ.’

ಸಾವಂತ ಕೋಂ ವಿಠೋಬ. ಮುಕ್ಕಾಂ ಮಾಜಾಳಿ.
ಎತ್ತರ ನಾಲ್ಕಡಿ ಒಂಬತ್ತು. ಎಡ ಹುಬ್ಬಿನ ಮೇಲೆ ಗಾಯದ ಕಲೆ.
ಕೋಡಿಬಾಗದ ತಾರಿಯಲ್ಲಿ, ಬೆಳಗಿನ ಜಾವ,
ಸೊಂಟಕ್ಕೆ ಸುತ್ತಿದ ಸೈಕಲ್ ಟ್ಯೂಬಿನಲ್ಲಿ ಗೋವೆಯ ಸೆರೆ.
ದಂಡ ಎಪ್ಪತ್ತೈದು ರೂಪಾಯಿ, ತಪ್ಪಿದರೆ ಮೂರು ತಿಂಗಳು.
ತಪ್ಪಿತ್ತು.
ಒಳಗೆ ಜಮಾ: ಗಾಜಿನ ಬಳೆ ಆರು, ಎಲೆಯಡಿಕೆಯ ಚಂಚಿ ಒಂದು.
ವೃತ್ತಿಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.

ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಇಕ್ಕಟ್ಟಾಗಿ:
ಸಂಗಡ ಒಂದು ಹೆಣ್ಣು ಕೂಸು, ಏಳು ತಿಂಗಳು.
ಹಾಲು ದಿನಕ್ಕೆ ಅರ್ಧ ಪಾವು.
ಎಣಿಕೆಗೆ ಸೇರಿಸತಕ್ಕದ್ದಲ್ಲ.

ನಾವು ಮಕ್ಕಳು ಐದು. ಇಸವಿ ಅರವತ್ನಾಲ್ಕು.
ಲೆಕ್ಕಕ್ಕೆ ಬೆರಳು ಬೇಕಾಗಲಿಲ್ಲ.

ನಾನಾರ್ಥ ಬರೆಸುವಾಗ ಪ್ರತಿ ವರ್ಷ ಹೇಳುತ್ತಿದ್ದೆ:
ಸೆರೆ, ಕುಡಿಯುವುದು. ಸೆರೆ, ಕೂಡಿಹಾಕುವುದು.
ಗಂಟಲಲ್ಲಿ ಉಬ್ಬಿ ಬರುವ ಇನ್ನೊಂದು ಸೆರೆಯನ್ನು
ಯಾಕೋ ಬಿಟ್ಟೇ ಬಿಟ್ಟಿದ್ದೆ.
ನದಾಫರು ಏನೂ ಕೇಳದೆ
ಮೇಜಿನ ಫ್ಯಾನಿನ ಮುಖವನ್ನು ನನ್ನ ಕಡೆ ತಿರುಗಿಸಿದರು.
‘ಇಲ್ಲಿ ಕೂಸಿನ ಹೆಸರು ಬರೆಯಬಹುದೇ?’
ಚೀಲದಲ್ಲಿ ಕೆಂಪು ಪೆನ್ನು ಈಗಲೂ ಇರುತ್ತದೆ.
‘ತಿದ್ದಾಕ ಬರೂದಿಲ್ರಿ. ನಕಲು ಬೇಕಂದ್ರ, ಸೋಮವಾರ.’

ಸೋಮವಾರ, ಪೋಳೆಯಿಂದ ಬಂದ ಮೊದಲ ಬಸ್ಸು.
ಪಕ್ಕದಲ್ಲಿ ಸಣ್ಣ ಮುಖದ, ದಪ್ಪ ಸೊಂಟದ ಹೆಂಗಸು.
ಉಸಿರೆಳೆದಾಗಲೊಮ್ಮೆ ರಬ್ಬರಿನ ತೆಳ್ಳಗಿನ ಸದ್ದು.
ನಾಕೆಯಲ್ಲಿ ಖಾಕಿ ಹತ್ತಿತು, ಸೀಟು ಸೀಟಿಗೂ ಬಗ್ಗಿ ನೋಡಿತು.
ಅವಳ ಮಡಿಲಲ್ಲಿ ಕೂಸಿರಲಿಲ್ಲ.
ನನ್ನ ಚೀಲ, ಕೊಡೆ, ಬುತ್ತಿ ಡಬ್ಬಿ
ಎಲ್ಲ ಅವಳ ತೊಡೆಯ ಮೇಲೆ ಹೇರಿದೆ.

‘ನಮಸ್ಕಾರ ಟೀಚರ್,’ ನನ್ನದೇ ವಿದ್ಯಾರ್ಥಿ,
ನಾನಾರ್ಥದಲ್ಲಿ ಸದಾ ಅರ್ಧ ಅಂಕದವನು.
‘ಇವರು?’

‘ನನ್ನ ಸಂಗಡ.’

ಸೇತುವೆ ದಾಟುವವರೆಗೂ ಅವಳು
ಕಾಳಿಯನ್ನೇ ನೋಡುತ್ತಿದ್ದಳು. ಮಾತಾಡಲಿಲ್ಲ.
ಕೋಡಿಬಾಗದಲ್ಲಿ ಡಬ್ಬಿ ನನ್ನ ಕೈಗಿಟ್ಟು
ಇಳಿದು ಹೋದಳು.