ಕೆನ್ನೆಯ ಲೆಕ್ಕ

ಹೊಂಡದ ಸರ್ಕಲ್ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲೆ,
ಹತ್ತಡಿಗೆ ಹನ್ನೆರಡಡಿ ನನ್ನ ಸ್ಟುಡಿಯೋ.
ಅದರಲ್ಲೂ ಎರಡಡಿ ಬೀರು ತಿಂದಿದೆ,
ಯಾರೂ ಒಯ್ಯಲು ಬಾರದ ಮದುವೆ ಆಲ್ಬಮ್ಮು ಅದರ ತುಂಬ.
ದಿನವಿಡೀ ನಾನಿಲ್ಲಿ ಹೇಳುವುದು ನಾಲ್ಕೇ ಮಾತು:
ಗದ್ದ ಕೆಳಗೆ. ಕಿವಿ ಕಾಣಲಿ. ನಗಬೇಡಿ. ಅಲುಗಾಡಬೇಡಿ.

ಇಂಥಲ್ಲಿಗೆ ಬುಧವಾರ ಮಧ್ಯಾಹ್ನ
ಮೆಟ್ಟಿಲಿಗೊಂದು ಸಲ ನಿಂತು ಉಸಿರು ತಗೊಂಡು
ಮೆಹಬೂಬಿ ಬಂದಳು.
ಅರವತ್ತೆಂಟು ವರ್ಷ. ಕಂಪನಿ ನಾಟಕದಲ್ಲಿ ಅವಳ ಹೆಸರು ಮಂಜರಿ.
ಕೈಚೀಲದಲ್ಲಿ ಗೆಜ್ಜೆ, ಮಾಸಾಶನದ ಅರ್ಜಿ,
ನನಗೂ ಸೇರಿಸಿ ಮೆಣಸಿನಕಾಯಿ ಮಂಡಕ್ಕಿಯ ಪೊಟ್ಟಣ.
"ಕುಣಿಯೋ ಫೋಟೋನೂ ಒಂದು ಬೇಕಂತವ್ವ.
ಇದ್ದವೆಲ್ಲ ಹರಿಹರದ ಕ್ಯಾಂಪಿನಾಗೆ
ಟೆಂಟಿನ ಜೋಡಿ ಸುಟ್ಟು ಹೋದವು."

ಕುಣಿಯುವುದೆಲ್ಲಿ?
ಕೈ ಎತ್ತಿದರೆ ಫ್ಯಾನು, ಚಾಚಿದರೆ ಬೀರು,
ಹಿಂದೆ ಸರಿದರೆ ಗೋಡೆ,
ಮುಂದೆ ಬಂದರೆ ನನ್ನ ಲೆನ್ಸಿನ ಮೂಗು.
ಫ್ಯಾನು ನಿಲ್ಲಿಸಿದೆ. ಸ್ಟೂಲನ್ನು ಮೇಜಿನಡಿ ತಳ್ಳಿದೆ.
ಬಿಳಿ ಕೊಡೆ ಅರ್ಧ ಬಿಚ್ಚಿಕೊಂಡು
ತುಂಬಿದ ಬಸ್ಸಿನಲ್ಲಿ ಸಿಕ್ಕಿಬಿದ್ದವರಂತೆ ನಿಂತಿತು.
ಎಲ್‌ಇಡಿ ಹಾಕಿದೆ: ಆಸ್ಪತ್ರೆ ಗೋಡೆಯ ಬಣ್ಣದ
ಚಪ್ಪಟೆ ಬೆಳಕು. ಅದರಲ್ಲಿ ಅವಳು
ಬರೀ ರೇಷನ್ ಕಾರ್ಡಿನ ಮೆಹಬೂಬಿ,
ಬೆನ್ನಿಗೆ ಕತ್ತರಿಸಿ ಅಂಟಿಸಿದಂಥ ನೆರಳು.

ಮತ್ತೆ ಮತ್ತೆ ಬೆಳಕಿನಿಂದಾಚೆ ಹೋಗುತ್ತಿದ್ದಳು.
ಎಡಕ್ಕೆ, ಇನ್ನೊಂದು ಚೂರು, ಅಯ್ಯೋ ಅಷ್ಟಲ್ಲ.
ತಡಕಾಡಿ ತಡಕಾಡಿ ಕೊನೆಗೆ ಅಂದಳು:
"ಈ ದೀಪ ಎಲ್ಲೈತಿ ಅಂತನೇ ಗೊತ್ತಾಗವಲ್ದು ತಂಗಿ.
ಕೆನ್ನಿಗೆ ಬಿಸಿನೇ ಇಲ್ಲ.
ಕಂಪನಿಯಾಗೆ ಕಣ್ಣು ಜನದ ಮ್ಯಾಲೆ, ಕಾಲು ತಬಲಾದ ಮ್ಯಾಲೆ,
ದೀಪ ಹುಡುಕೋದು ಕೆನ್ನಿ."

ಅಟ್ಟದಿಂದ ಇಳಿಸಿದೆ ಸಾವಿರ ವ್ಯಾಟಿನ ಹಳೇ ಹ್ಯಾಲೊಜನ್ನು,
ಮದುವೆ ವಿಡಿಯೋ ಕಾಲದ್ದು.
ಮದುಮಗಳ ಕಣ್ಣಲ್ಲಿ ನೀರು ತರಿಸುತ್ತಿದ್ದದ್ದು
ತವರಲ್ಲ, ಇದೇ ಅನ್ನುತ್ತಿದ್ದರು ನಮ್ಮ ಸೋದರಮಾವ.
ಹೊತ್ತಿದ್ದೇ ತಡ ಹತ್ತು ವರ್ಷದ ಧೂಳು ಸುಟ್ಟ ವಾಸನೆ,
ಕೆಳಗೆ ಝೆರಾಕ್ಸ್ ನಿಂತು ಗುರುಪಾದಪ್ಪನ ಕೂಗು.
ಫ್ಯೂಸಿಗೆ ತಂತಿ ಸುತ್ತಿ ಮತ್ತೆ ಹಚ್ಚಿದೆವು.
ಸ್ಟ್ಯಾಂಡಿಗೆ ಜಾಗವಿಲ್ಲ, ನೆಲದ ಮೇಲೇ ಇಟ್ಟೆ.

ನೇರ ಬಿಟ್ಟರೆ ಅದು ಮುಖ ಕೆರೆಯುವ ಬೆಳಕು.
ಮರೆಗೆ ಏನಿದೆ ಅಂತ ಹುಡುಕುವಾಗ ಸಿಕ್ಕಿದ್ದು ಪೊಟ್ಟಣದ ಕಾಗದ,
ಮೆಣಸಿನಕಾಯಿಯ ಎಣ್ಣೆ ಕುಡಿದು
ಈ ಮಗ್ಗುಲ ಸುದ್ದಿ ಆ ಮಗ್ಗುಲಿಗೂ ಕಾಣುವಂಥದ್ದು.
ದೀಪಕ್ಕೆ ಮೊಳ ದೂರದಲ್ಲಿ, ಬಟ್ಟೆ ಕ್ಲಿಪ್ಪು ಹಾಕಿ
ಕೊಡೆಯ ಕಡ್ಡಿಗೆ ನೇತುಹಾಕಿದೆ.
ಕೋಣೆ ತುಂಬ ಕರಿದ ಬೆಳಕು.

ಮೆಹಬೂಬಿ ಕಣ್ಣು ಮುಚ್ಚಿದಳು.
ಹಂಚಿನ ಕಾವು ನೋಡುವವರ ಹಾಗೆ
ಕೆನ್ನೆಯನ್ನು ಆಚೆ ಹಿಡಿದು, ಈಚೆ ಹಿಡಿದು
ಅರ್ಧ ಹೆಜ್ಜೆ ಸರಿದಳು. ನಿಂತಳು.
ಗೆಜ್ಜೆ ಒಂದೇ ಒಂದು ಸಲ.
ಕೈ ಮೇಲೆ ಹೋಗಲಿಲ್ಲ, ಫ್ಯಾನಿದೆಯಲ್ಲ;
ಮೊಣಕೈ ಮಡಿಸಿ ಕಿವಿಯ ಹತ್ತಿರ ತಂದು
ಬೆರಳನ್ನಷ್ಟೇ ಬಿಟ್ಟಳು.
ಆಗ ಕಣ್ಣು ತೆರೆದದ್ದು ನನ್ನ ಕಡೆಗಲ್ಲ,
ನನ್ನ ಹಿಂದೆ, ಬೀರುವಿನ ಹಿಂದೆ, ಇನ್ನೂ ಹಿಂದೆ,
ಕಡೆಯ ಬೆಂಚಿನವರು ಕೂತಲ್ಲಿಗೆ.

ನೆರಳು ಗೋಡೆಯಲ್ಲೇ ಇತ್ತು.
ಅದನ್ನು ಓಡಿಸುವ ನನ್ನ ಯಾವ ವಿದ್ಯೆಯೂ
ಈ ಹತ್ತಡಿಯಲ್ಲಿ ನಡೆಯುವುದಿಲ್ಲ.
ಅದರ ಕೈ ಮಾತ್ರ ಫ್ಯಾನು ದಾಟಿ
ಸೂರಿನವರೆಗೆ ಹೋಗಿತ್ತು.
ಅದನ್ನೂ ಸೇರಿಸಿಯೇ ಒತ್ತಿದೆ.

ಆಮೇಲೆ ಸ್ಟೂಲು ಎಳೆದು ಪಾಸ್‌ಪೋರ್ಟ್ ಸೈಜಿಗೆ ಕೂರಿಸಿದೆ.
ಗದ್ದ ಕೆಳಗೆ, ಕಿವಿ ಕಾಣಲಿ, ನಗಬೇಡಿ.
ನಾಲ್ಕನೆಯದನ್ನು ಹೇಳಲು ಬಾಯಿ ಬರಲಿಲ್ಲ.
ಎಂಟು ಕಾಪಿಗೆ ನೂರು ರೂಪಾಯಿ.
"ಕುಣಿದದ್ದಕ್ಕೆಷ್ಟು?" ಅಂದಳು.
ಪೊಟ್ಟಣ ತಂದಿದ್ರಲ್ಲ, ಸರಿಹೋಯ್ತು ಅಂದೆ.
ಕಾಗದದ ಅಂಚು ಕಂದಿತ್ತು.

ಅವಳು ಮೆಟ್ಟಿಲಿಳಿದ ಮೇಲೆ ದೀಪ ಆರಿಸಿದೆ.
ಅದರ ಕಾವು ಬೇಗ ಇಳಿಯುವುದಿಲ್ಲ.
ಬಾಗಿಲು ಹಾಕಿ, ಕಣ್ಣು ಮುಚ್ಚಿ, ಕೆನ್ನೆ ಮುಂದೆ ಮಾಡಿ
ನಾನೂ ಹುಡುಕಿದೆ.
ಸ್ಟೂಲಿಗೆ ಮೊಣಕಾಲು ಬಡಿಯಿತು.