ಅಷ್ಟೇ

ದೆಬ್ರೆತ್ಸೆನ್ ಸಂತೆಯಲ್ಲಿ ಅಪ್ಪ ಅದನ್ನು ಕೊಂಡಾಗ
ಹಲ್ಲು ನೋಡಿದ, ಗೊರಸು ನೋಡಿದ, ಕಣ್ಣು ನೋಡಲಿಲ್ಲ.
ಸಿಕ್ರಾ ಎಂದು ಹೆಸರಿಟ್ಟವನು ನನ್ನಣ್ಣ ಗೆರ್ಗೋ.
ನಮ್ಮ ಮಾತಿನಲ್ಲಿ ಹಾಗೆಂದರೆ ಕಿಡಿ.
ಕಿಡಿಯಂಥದ್ದೇನೂ ಇರಲಿಲ್ಲ: ಮೈ ಒದ್ದೆ ಬೂದಿ,
ನಡಿಗೆ ಪಾದ್ರಿಯದು.

ಆ ಚಳಿಗಾಲ ಅಣ್ಣ ಅದಕ್ಕೆ ಲೆಕ್ಕ ಕಲಿಸಿದ.
ಕ್ಯಾರೆಟ್ ತುಂಡು, ಸೀಮೆಸುಣ್ಣ, ಲಾಯದ ಬಾಗಿಲೇ ಹಲಗೆ.
ಎರಡೂ ಮೂರೂ? ಟಕ್ ಟಕ್ ಟಕ್ ಟಕ್ ಟಕ್.
ಏಳರಲ್ಲಿ ನಾಲ್ಕು ಹೋದರೆ? ಟಕ್ ಟಕ್ ಟಕ್.
ನನಗಿನ್ನೂ ಮಗ್ಗಿ ಬಾಯಿಪಾಠವಾಗದ ವಯಸ್ಸು;
"ಎಟೆಲ್ಕಾ, ಕುದುರೆಗಿರುವ ಬುದ್ಧಿ ನಿನಗಿಲ್ಲವಲ್ಲೇ"
ಎಂದು ಅಮ್ಮ ಕಿವಿ ಹಿಂಡುವಳು.

ಭಾನುವಾರ ಚರ್ಚು ಮುಗಿದರೆ ಊರೇ ನಮ್ಮಂಗಳದಲ್ಲಿ.
ಅಪ್ಪ ಟೋಪಿ ಹಿಡಿದು ನಿಲ್ಲುವನು, ಟೋಪಿ ತುಂಬುವುದು.
ಕಟುಕ ವೆಂಡೆಲ್ ತನಗೆಷ್ಟು ಮಕ್ಕಳೆಂದು ಕೇಳಿದ.
ಸಿಕ್ರಾ ಆರು ಬಡಿಯಿತು.
ಅವನ ಹೆಂಡತಿ ಹೆತ್ತದ್ದು ಐದು.
ಆ ರಾತ್ರಿ ಅವರ ಮನೆಯಲ್ಲಿ ತಟ್ಟೆ ಹಾರಿದ್ದು
ಇಡೀ ಬೀದಿಗೆ ಕೇಳಿಸಿತು.

ಆಮೇಲೆ ಬುಡಾಪೆಸ್ಟಿನಿಂದ ಬಂದರು ಪ್ರೊಫೆಸರು,
ಚಿನ್ನದ ಕನ್ನಡಕ, ಬೆನ್ನಿಗೊಬ್ಬ ಬರೆದುಕೊಳ್ಳುವ ಹುಡುಗ.
ಅಂಕಿಯ ಚೀಟಿಯನ್ನು ತಾವೂ ನೋಡದೆ,
ಅಣ್ಣನಿಗೂ ತೋರಿಸದೆ, ಕುದುರೆಗಷ್ಟೇ ಹಿಡಿದರು.
ಟಕ್. ಟಕ್.
ಐದಾಯಿತು, ಎಂಟಾಯಿತು, ಇಪ್ಪತ್ತು ದಾಟಿತು.
ಅದು ಅಣ್ಣನ ಮುಖ ನೋಡುತ್ತಿತ್ತು, ಅಣ್ಣ ಅದರ ಮುಖ.
ಎಲ್ಲಿ ನಿಲ್ಲಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಪ್ರೊಫೆಸರು ಕೈಯೊರೆಸಿಕೊಂಡರು.
"ಇದಕ್ಕೆ ಲೆಕ್ಕ ಬರುವುದಿಲ್ಲ. ಉತ್ತರ ಬಂದೊಡನೆ
ನಿಮ್ಮ ಗದ್ದ ಕೂದಲೆಳೆಯಷ್ಟು ಮೇಲೇಳುತ್ತದೆ,
ಕಟ್ಟಿದ ಉಸಿರು ಸಡಿಲುತ್ತದೆ, ನಿಮಗೇ ಅರಿವಿಲ್ಲದೆ.
ಅದು ನಿಮ್ಮನ್ನು ಓದುತ್ತದೆ, ಅಷ್ಟೇ."

ಅಷ್ಟೇ!
ಐವತ್ತು ವರ್ಷದಿಂದ ಆ ಒಂದು ಪದ
ಗಂಟಲಲ್ಲಿ ಮೀನಿನ ಮುಳ್ಳು.
ಅಮ್ಮ ಒಂದು ಆಯುಷ್ಯವಿಡೀ ಅಪ್ಪನ ಗದ್ದ ನೋಡಿದಳು,
ಅವನ ಸಿಟ್ಟು ಎಲ್ಲಿ ನಿಲ್ಲುವುದೆಂದು
ಒಮ್ಮೆಯೂ ಹೇಳಲಾರಳು.
ನನ್ನ ಗಂಡನ ಮಾತು ಬಿಡಿ.

ಟೋಪಿ ಬರಿದಾಯಿತು. ಕುದುರೆಯೇ ಸುಳ್ಳು ಹೇಳಿತೆಂಬಂತೆ
ಅಪ್ಪ ಅದನ್ನು ನೇಗಿಲಿಗೆ ಕಟ್ಟಿದ.
ಅಣ್ಣ ಮಾತ್ರ ಸಂಜೆ ಲಾಯದಲ್ಲಿ ಕೂತು
"ನನ್ನ ಮನಸ್ಸಿನಲ್ಲೇನಿದೆ, ಹೇಳು" ಎನ್ನುವನು.
ಅದು ಅವನ ಜೇಬಿಗೆ ಮೂತಿ ತೂರುವುದು.
"ಸರಿಯುತ್ತರ" ಎಂದು ನಗುವನು.

ಹದಿನಾಲ್ಕರ ಆಗಸ್ಟಿನಲ್ಲಿ ಅವನನ್ನು ಗಲೀಷಿಯಾಕ್ಕೆ ಒಯ್ದರು.
ಕುದುರೆಗಳನ್ನೂ ಒಯ್ದರು. ಸೈನ್ಯದವರು ಬಂದ ಬೆಳಿಗ್ಗೆ
ಸಿಕ್ರಾ ಕುಂಟಿತು. ಮರುದಿನ ಸರಿಹೋಯಿತು.
ಏಕೆಂದು ನನ್ನನ್ನು ಕೇಳಬೇಡಿ.

ಹಿಮ ಬೀಳುವ ಹೊತ್ತಿಗೆ ಕಾಗದ ನಿಂತವು.
ಒಂದು ರಾತ್ರಿ ಕಂದೀಲು ಹಿಡಿದು ಹೋದೆ, ಬರಿಗಾಲಲ್ಲಿ.
ಅಣ್ಣ ಬರಲು ಎಷ್ಟು ದಿನ?
ಎಷ್ಟೋ ಕಾಲದಿಂದ ಯಾರೂ ಏನೂ ಕೇಳಿರಲಿಲ್ಲ ಅದನ್ನು.
ಮುಂಗಾಲೆತ್ತಿತು.

ಟಕ್.
ಹತ್ತು. ಮೂವತ್ತು. ಕ್ರಿಸ್ಮಸ್ ದಾಟಿತು.
ಅರವತ್ತು. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.
ನೂರು ದಾಟಿತು, ಹೊಲದಲ್ಲಿ ಗೋಧಿ ಮೊಳೆಯುವ ದಿನಕ್ಕೆ ಬಂತು.
ನಿಲ್ಲು ಎನ್ನಲು ನನ್ನೊಳಗೆ ಅಂಕಿ ಇರಲಿಲ್ಲ.

ಕೊನೆಗೆ ಬೇಕೆಂದೇ ಗದ್ದವೆತ್ತಿದೆ,
ಪ್ರೊಫೆಸರು ಹೇಳಿದ ಹಾಗೆ, ಒಂದು ಕೂದಲೆಳೆ.
ಉಸಿರನ್ನೂ ಬಿಟ್ಟೆ.

ಗೊರಸು ಗಾಳಿಯಲ್ಲಿ ತಡೆಯಿತು.
ಅದು ನನ್ನನ್ನು ನೋಡಿತು. ಎಷ್ಟು ಹೊತ್ತೆಂದು ಗೊತ್ತಿಲ್ಲ,
ಕಂದೀಲಿನ ಬತ್ತಿ ಚಟಪಟ ಎನ್ನುತ್ತಿತ್ತು.
ಆಮೇಲೆ ಮೆಲ್ಲಗೆ, ನನಗೆ ನೋವಾಗದಂತೆ ಎಂಬಷ್ಟು ಮೆಲ್ಲಗೆ,
ಇನ್ನೊಂದು ಬಡಿಯಿತು.
ಮತ್ತೊಂದು.

ಅಷ್ಟರಲ್ಲಿ ನನಗೆ ಎಣಿಕೆ ತಪ್ಪಿತ್ತು.